ಹಸಿರು ಕಾಗದ ಕಂಡ ಕೂಡಲೇ ಬಚ್ಚಲಿಗೆ ಬೋರ್ಡು ಹೊಡೆಯಬೇಡಿ

ಓದುಗರ ಪ್ರಶ್ನೆ: ಒಳಗೋಡೆಗೆ ಜಿಪ್ಸಮ್ ಬೋರ್ಡ್

ಪ್ರಶ್ನೆ: ಕಾರವಾರದ ಕೋಡಿಬಾಗದಲ್ಲಿ ನಮ್ಮದು ಹಳೆಯ ಚಿರೆಕಲ್ಲಿನ ಮನೆ. ಪಡುವಣ ಗೋಡೆಯ ಒಳಮೈಯಲ್ಲಿ ಪ್ರತಿ ಮಳೆಗಾಲ ಸೊಂಟದೆತ್ತರದವರೆಗೆ ಬಣ್ಣ ಉಬ್ಬಿ ಉದುರುತ್ತದೆ. ಹಸಿರು ಜಿಪ್ಸಮ್ ಬೋರ್ಡ್ ಹೊಡೆದು ಮುಚ್ಚಿದರೆ ಸರಿಹೋಗುತ್ತದೆ ಎನ್ನುತ್ತಾರೆ ಕೆಲಸದವರು. ಮಾಡಿಸಬಹುದೇ?

ಉತ್ತರ: ಈಗಿನ ಸ್ಥಿತಿಯಲ್ಲಿ ಬೇಡ. ಬೋರ್ಡು ತೇವವನ್ನು ನಿಲ್ಲಿಸುವುದಿಲ್ಲ, ಮರೆಮಾಡುತ್ತದೆ ಅಷ್ಟೆ. ನಡುವೆ ಜಿಪ್ಸಮ್ ತಿರುಳು, ಎರಡೂ ಮೈಗೆ ದಪ್ಪ ಕಾಗದ, ಇವಿಷ್ಟೇ ಅದು. ಹಸಿರು ಬಗೆಯ ತಿರುಳಿಗೆ ನೀರು ಹೀರದಂತೆ ಸಿಲಿಕೋನ್ ಸೇರಿಸಿರುತ್ತಾರೆ. ಎರಡು ಗಂಟೆ ನೀರಲ್ಲಿ ಮುಳುಗಿಸಿಟ್ಟರೆ ತನ್ನ ತೂಕದ ಶೇ. 5ಕ್ಕಿಂತ ಹೆಚ್ಚು ನೀರು ಕುಡಿಯಬಾರದು ಎಂಬುದು ಅದಕ್ಕಿರುವ ಪರೀಕ್ಷೆ. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಅದೂ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಊರಿನಲ್ಲಿ ಒದ್ದೆ ಚಿರೆಕಲ್ಲಿಗೆ ಬೆನ್ನು ಕೊಟ್ಟು ನಾಲ್ಕು ತಿಂಗಳು ನಿಲ್ಲುವುದು ಬೇರೆಯೇ ಪರೀಕ್ಷೆ. ಬೋರ್ಡಿನ ಹಿಂದಿನ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಅದು ಮುಂದೆ ಕಾಣುವ ಹೊತ್ತಿಗೆ ಕೋಣೆಯಲ್ಲಿ ಮುಗ್ಗಲು ವಾಸನೆ ತುಂಬಿರುತ್ತದೆ.

ತೇವ ಎಲ್ಲಿಂದ ಬರುತ್ತಿದೆ ಎಂದು ಮೊದಲು ಹುಡುಕಿ. ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚು ಬಿಗಿಯಾಗಿ ಟೇಪ್ ಹಾಕಿ ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ, ಗೋಡೆಯ ಕಡೆ, ಹನಿ ಕಟ್ಟಿದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಕೋಣೆಯ ಕಡೆಯ ಮೈ ಮಾತ್ರ ಒದ್ದೆಯಾದರೆ ಅದು ಗಾಳಿಯ ತೇವ, ಕಿಟಕಿ ತೆರೆದಿಟ್ಟರೆ ಬಹುಪಾಲು ಹೋಗುತ್ತದೆ. ನೆಲದಿಂದ ಸೊಂಟದವರೆಗೆ ಒಂದೇ ಮಟ್ಟದ ಪಟ್ಟಿ, ಅದರ ಮೇಲೆ ಉಪ್ಪಿನಂಥ ಬಿಳಿ ಪುಡಿ ಇದ್ದರೆ ನೀರು ನೆಲದಿಂದ ಏರುತ್ತಿದೆ. ಕಿಟಕಿಯ ಸುತ್ತ ಅಥವಾ ಮೇಲೆ ಅಲ್ಲಲ್ಲಿ ಕಲೆ ಇದ್ದರೆ ಕಡಲಗಾಳಿಗೆ ಬಡಿಯುವ ಮಳೆ ಹೊರಗಿನ ಗಾರೆಯ ಬಿರುಕಿನಿಂದ ಒಳಬರುತ್ತಿದೆ. ನೀವು ಬರೆದಿರುವುದು ನೆಲದಿಂದ ಏರುವ ತೇವದಂತೆ ಕಾಣುತ್ತದೆ. ಹಾಗಿದ್ದರೆ ಹೊರಗೆ ಗೋಡೆಗೆ ತಾಗಿದ ಮಣ್ಣನ್ನು ಒಳನೆಲಕ್ಕಿಂತ ಅರ್ಧ ಅಡಿಯಾದರೂ ಕೆಳಗಿಳಿಸಿ, ಮಾಡಿನ ನೀರು ಬುಡಕ್ಕೆ ಬೀಳದಂತೆ ಚರಂಡಿ ಮಾಡಿಸಿ. ಒಳಗಿನ ಸಿಮೆಂಟ್ ಗಾರೆಯನ್ನು ಕಲೆಯ ಮೇಲೆ ಒಂದಡಿವರೆಗೆ ಕಿತ್ತು ಸುಣ್ಣದ ಗಾರೆ ಹಾಕಿಸಿ. ಎಷ್ಟೋ ಮನೆಗಳಲ್ಲಿ ಇಷ್ಟಾದ ಮೇಲೆ ಬೋರ್ಡಿನ ಮಾತೇ ಬರುವುದಿಲ್ಲ.

ಆಮೇಲೂ ಬೋರ್ಡು ಬೇಕೇ ಎಂದಾದರೆ ಒಂದು ಬೇಸಿಗೆ ಗೋಡೆ ಒಣಗಲಿ, ಕೆಲಸ ಫೆಬ್ರುವರಿ–ಏಪ್ರಿಲ್‌ನಲ್ಲಿ ಆಗಲಿ. ಅಂಟಿನ ಉಂಡೆ ಮೆತ್ತಿ ಗೋಡೆಗೇ ಒತ್ತಿ ಕೂರಿಸುವ ಕ್ರಮ ನಿಮ್ಮಲ್ಲಿ ಬೇಡ. ಪ್ರತಿ ಉಂಡೆಯೂ ಗೋಡೆಯ ತೇವಕ್ಕೆ ಬೋರ್ಡಿನತ್ತ ಒಂದು ಸೇತುವೆ. ಗೋಡೆಯಿಂದ ಒಂದಿಂಚು ದೂರದಲ್ಲಿ, ನೆಲಕ್ಕೂ ಸೂರಿಗೂ ಮಾತ್ರ ಕಚ್ಚಿಸಿದ ಲೋಹದ ಚೌಕಟ್ಟು ಬೇರೆಯೇ ನಿಲ್ಲಲಿ.

ಪ್ರಶ್ನೆ: ಹೊನ್ನಾವರದಲ್ಲಿ ಹೊಸ ಬಾತ್‌ರೂಮ್ ಮಾಡಿಸುತ್ತಿದ್ದೇವೆ. ಹಸಿರು ಬೋರ್ಡು ವಾಟರ್‌ಪ್ರೂಫ್, ನೇರವಾಗಿ ಟೈಲ್ಸ್ ಅಂಟಿಸಿ ಎಂದರು ಅಂಗಡಿಯವರು.

ಉತ್ತರ: ಹಸಿರಿನದು ತೇವವನ್ನು ತಾಳಿಕೊಳ್ಳುವ ಬೋರ್ಡು, ನೀರು ತಡೆಯುವುದಲ್ಲ. ವಾಶ್‌ಬೇಸಿನ್ ಗೋಡೆಗೆ, ಅಡುಗೆಮನೆಗೆ ಅದು ಸರಿ. ಶವರ್ ನೀರು ಬಡಿಯುವಲ್ಲಿ ಕಾಗದವೇ ಇಲ್ಲದ ಫೈಬರ್ ಸಿಮೆಂಟ್ ಬೋರ್ಡು ಹಾಕಿ, ಸ್ಟಡ್‌ಗಳನ್ನು, ಅಂದರೆ ಬೋರ್ಡು ಹೊಡೆಯುವ ಲೋಹದ ನಿಲುಪಟ್ಟಿಗಳನ್ನು, ಎರಡಡಿಯ ಬದಲು 16 ಇಂಚಿಗೊಂದರಂತೆ ನಿಲ್ಲಿಸಿ. ಸಿಮೆಂಟ್ ಬೋರ್ಡಿನೊಳಗೂ ನೀರು ಇಳಿಯುತ್ತದೆ, ಆದರೆ ಅದು ಕರಗುವುದಿಲ್ಲ. ಹಾಗಾಗಿ ಸಂದಿಗಳಿಗೆ ಜಾಲರಿ ಟೇಪ್ ಹಾಕಿ, ಮೇಲೆ ಹಚ್ಚುವ ವಾಟರ್‌ಪ್ರೂಫಿಂಗ್ ಎರಡು ಕೋಟು ಬೇಕೇ ಬೇಕು. ಟೈಲ್ಸ್‌ಗೆ ಸಿಮೆಂಟ್ ಹಾಲಲ್ಲ, ಟೈಲ್ ಅಂಟು. ಬೇಸಿನ್ ಹಿಂದಿನ ಜಿಪ್ಸಮ್ ಬೋರ್ಡಿನ ಮೇಲೆ ಅಂಟೂ ಸೇರಿ ಚದರ ಮೀಟರಿಗೆ 32 ಕೆ.ಜಿ. ದಾಟಬಾರದು. 10 ಮಿ.ಮೀ. ಟೈಲ್ ಈ ಮಿತಿಯೊಳಗೆ ನಿಲ್ಲುತ್ತದೆ, 18 ಮಿ.ಮೀ. ಗ್ರಾನೈಟ್ ನಿಲ್ಲದು. ಬೋರ್ಡಿನ ಕೆಳ ಅಂಚು ನೆಲದಿಂದ 10 ಮಿ.ಮೀ. ಮೇಲಿದ್ದು, ಆ ಸಂದಿಗೆ ಸಿಲಿಕೋನ್ ತುಂಬಿರಲಿ. ಹೆಚ್ಚಿನ ಬೋರ್ಡುಗಳು ಕೆಡಲು ಶುರುವಾಗುವುದು ಈ ಕೆಳಗಿನ ಅಂಚಿನಿಂದ.

ಪ್ರಶ್ನೆ: ಶಿರಸಿಯಲ್ಲಿ ಮನೆಯ ಮಾಳಿಗೆಯ ಹಾಲನ್ನು ಎರಡು ಕೋಣೆ ಮಾಡಬೇಕು. 12 ಅಡಿ ಅಗಲ, 10 ಅಡಿ ಎತ್ತರ. ಇಟ್ಟಿಗೆಯೋ ಬೋರ್ಡೋ? ಸಾಮಾನು ಎಷ್ಟು ತರಿಸಬೇಕು?

ಉತ್ತರ: ಕೆಳಗೆ ಬೀಮ್ ಇಲ್ಲದಿದ್ದರೆ ಬೋರ್ಡೇ. ಇಷ್ಟು ಅಳತೆಯ ನಾಲ್ಕಿಂಚಿನ ಇಟ್ಟಿಗೆ ಗೋಡೆ ಗಾರೆ ಸೇರಿ ಎರಡೂವರೆ ಟನ್ ಮೀರುತ್ತದೆ, ಬೋರ್ಡಿನ ಗೋಡೆ ಕಾಲು ಟನ್ನಿನೊಳಗೆ ಮುಗಿಯುತ್ತದೆ.

ಮಲಗುವ ಕೋಣೆಗೆ 12.5 ಮಿ.ಮೀ. ಸಾದಾ ಬೋರ್ಡು ಸಾಕು. ಅಂಗಡಿಗಳಲ್ಲಿ ಸಲೀಸಾಗಿ ಸಿಗುವುದು 6×4 ಅಡಿಯದು. ಸೂರಿಗೆಂದು ಮಾರುವ ತೆಳು ಬೋರ್ಡನ್ನು ಗೋಡೆಗೆ ಒಪ್ಪಬೇಡಿ. ಬೆನ್ನ ಮೇಲೆ ಭಾರತೀಯ ಮಾನಕದ ಗುರುತು ಐಎಸ್ 2095 ಅಚ್ಚಿದೆಯೇ ನೋಡಿಕೊಳ್ಳಿ. ಒಂದು ಬದಿಗೆ 120 ಚದರಡಿ, ಅಂದರೆ ಐದು ಬೋರ್ಡು. ಎರಡು ಬದಿಗೆ ಹತ್ತು, ಕತ್ತರಿಸಿ ಹಾಳಾಗುವುದಕ್ಕೆ ಇನ್ನೊಂದು. ನೆಲಕ್ಕೂ ಸೂರಿಗೂ 12 ಅಡಿಯ ಟ್ರ್ಯಾಕ್ (ಸ್ಟಡ್ಡಿನ ತುದಿ ಕೂರುವ ಲೋಹದ ಪಟ್ಟಿ) ಒಂದೊಂದು, ಎರಡಡಿಗೊಂದರಂತೆ 10 ಅಡಿಯ ಸ್ಟಡ್ ಏಳು, ಬಾಗಿಲಿದ್ದರೆ ಇನ್ನೆರಡು. 25 ಮಿ.ಮೀ. ಸ್ಕ್ರೂ ಬೋರ್ಡಿಗೆ ಮೂವತ್ತರ ಲೆಕ್ಕದಲ್ಲಿ 330, ಹಾಳಾಗುವುದೂ ಸೇರಿ 400 ತನ್ನಿ. ಸಂದಿ ತುಂಬುವ ಜಾಯಿಂಟಿಂಗ್ ಕಾಂಪೌಂಡ್ ಸುಮಾರು 10 ಕೆ.ಜಿ., ಕಾಗದದ ಟೇಪ್ 40 ಮೀಟರ್. ಲೋಹದ ತಗಡು 0.5 ಮಿ.ಮೀ.ಗಿಂತ ತೆಳುವಾಗಿದ್ದರೆ ಬಾಗಿಲು ಹಾಕಿದಾಗಲೆಲ್ಲ ಗೋಡೆ ನಡುಗುತ್ತದೆ. ಹೆಬ್ಬೆರಳಿನಿಂದ ಒತ್ತಿದಾಗ ಸ್ಟಡ್ಡಿನ ಅಂಚು ಮಡಚಿದರೆ ಅಂಗಡಿಗೇ ವಾಪಸ್ ಕೊಡಿ.

ಟ್ರ್ಯಾಕನ್ನು ಎರಡಡಿಗೊಂದು ಪ್ಲಗ್ ಹಾಕಿ ಬಿಗಿಯಬೇಕು. ಸ್ಟಡ್ಡನ್ನು ಎತ್ತರಕ್ಕಿಂತ 8–10 ಮಿ.ಮೀ. ಗಿಡ್ಡ ಕತ್ತರಿಸಿ. ಸ್ಲ್ಯಾಬ್ ಕೊಂಚ ಬಾಗಿದರೂ ಅದರ ಭಾರ ಗೋಡೆಯ ಮೇಲೆ ಕೂರಬಾರದು. ಸ್ಕ್ರೂ 9 ಇಂಚಿಗೊಂದು, ಬೋರ್ಡಿನ ಅಂಚಿನಿಂದ 10 ಮಿ.ಮೀ. ಒಳಗೆ, ಕತ್ತರಿಸಿದ ಅಂಚಾದರೆ 15. ಸ್ಕ್ರೂ ತಲೆ ಕಾಗದವನ್ನು ಒತ್ತಿ ಸ್ವಲ್ಪವೇ ತಗ್ಗಿ ಕೂರಬೇಕು, ಹರಿಯಬಾರದು. ಬೋರ್ಡನ್ನು ಹಿಡಿದಿಡುವುದೇ ಕಾಗದ. ಅದು ಹರಿದ ಕಡೆ ಸ್ಕ್ರೂ ಇದ್ದೂ ಇಲ್ಲದಂತೆ, ಎರಡಿಂಚು ಪಕ್ಕಕ್ಕೆ ಇನ್ನೊಂದು ಹೊಡೆಯಿರಿ. ಆರಡಿ ಬೋರ್ಡಿನ ಮೇಲೆ ನಾಲ್ಕಡಿ ತುಂಡು ಬರುವಾಗ ಪಕ್ಕದ ಸಾಲಿನಲ್ಲಿ ನಾಲ್ಕಡಿ ಕೆಳಗೆ, ಆರಡಿ ಮೇಲೆ ಬರಲಿ. ಈ ಅಡ್ಡ ಸಂದಿಗಳ ಹಿಂದೆ ಟ್ರ್ಯಾಕಿನ ತುಂಡು ಇರಲೇಬೇಕು. ಗೋಡೆಯ ಎರಡು ಬದಿಯ ಸಂದಿಗಳೂ ಒಂದೇ ಸ್ಟಡ್ಡಿನ ಮೇಲೆ ಬರದಿರಲಿ.

ಸದ್ದು ದಾಟಬಾರದೆಂದಿದ್ದರೆ ಒಳಗೆ 50 ಮಿ.ಮೀ. ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ತುಂಬಿ, ಟ್ರ್ಯಾಕಿನ ಸುತ್ತಲಿನ ಸಂದಿಗೆ ಸೀಲೆಂಟ್ ಹಾಕಿ. ಸೀಲೆಂಟ್ ಬಿಟ್ಟು ರಾಕ್‌ವೂಲ್ ಮಾತ್ರ ತುಂಬಿದರೆ ದುಡ್ಡು ದಂಡ.

ಪ್ರಶ್ನೆ: ಸಿದ್ದಾಪುರ. ಬಚ್ಚಲಲ್ಲಿ ಹಂಡೆ ಒಲೆ ಇದೆ. ಅದರ ಪಕ್ಕದ ಗೋಡೆಗೆ ಬೆಂಕಿ ತಡೆಯುವ ಗುಲಾಬಿ ಬೋರ್ಡು ಹಾಕಬಹುದೇ?

ಉತ್ತರ: ಹೆಸರು ಕೇಳಿದರೆ ಅದಕ್ಕೇ ಮಾಡಿದ್ದು ಅನಿಸುತ್ತದೆ, ಆದರೆ ಅಲ್ಲ. ಜಿಪ್ಸಮ್ಮಿನ ತೂಕದಲ್ಲಿ ಐದರಲ್ಲೊಂದು ಪಾಲು ಹರಳಿನಲ್ಲಿ ಸೇರಿದ ನೀರು. ಮನೆಗೆ ಬೆಂಕಿ ಬಿದ್ದಾಗ ಆ ನೀರು ಆವಿಯಾಗುತ್ತ ಶಾಖ ನುಂಗುತ್ತದೆ. ಗುಲಾಬಿ ಬೋರ್ಡಿನಲ್ಲಿ ಗಾಜಿನ ನಾರು ಇರುವುದರಿಂದ ನೀರು ಹೋದ ತಿರುಳು ಬೇಗ ಉದುರುವುದಿಲ್ಲ, ಹೊರಗೋಡಲು ಸಮಯ ಸಿಗುತ್ತದೆ. ಅದು ಒಂದು ಸಲದ ರಕ್ಷಣೆ. ದಿನಾ ಬೆಳಿಗ್ಗೆ ಸಂಜೆ ಬಿಸಿಯಾದರೆ ಅದೇ ನೀರು ಸದ್ದಿಲ್ಲದೆ ಖಾಲಿಯಾಗಿ, ಬೋರ್ಡು ಒಳಗೊಳಗೇ ಪುಡಿಯಾಗುತ್ತದೆ. ಸದಾ 50 ಡಿಗ್ರಿ ದಾಟುವ ಜಾಗಕ್ಕೆ ಯಾವ ಬಣ್ಣದ ಜಿಪ್ಸಮ್ ಬೋರ್ಡೂ ಆಗದು. ಒಲೆ ಉರಿಯುವಾಗ ಗೋಡೆಗೆ ಅಂಗೈ ಇಟ್ಟು ಹತ್ತು ಎಣಿಸಿ. ಅಷ್ಟರೊಳಗೆ ಕೈ ತೆಗೆಯಬೇಕಾದರೆ ಅಲ್ಲಿ ಚಿರೆಕಲ್ಲು, ಸುಣ್ಣದ ಗಾರೆಯೇ ಇರಲಿ. ಹೊಗೆ ಕೊಳವೆ ಹಾಯುವ ಜಾಗಕ್ಕೂ ಇದೇ ಮಾತು.

ಪ್ರಶ್ನೆ: ಕುಮಟಾದಲ್ಲಿ ಹೋದ ಬೇಸಿಗೆಯಲ್ಲಿ ಹಾಕಿಸಿದ ಬೋರ್ಡ್ ಗೋಡೆ. ಮಳೆಗಾಲ ಮುಗಿಯುವಷ್ಟರಲ್ಲಿ ಸಂದಿಗಳಲ್ಲಿ ನೇರ ಗೆರೆ, ಬಾಗಿಲ ಮೂಲೆಯಿಂದ ಓರೆ ಬಿರುಕು, ಅಲ್ಲಲ್ಲಿ ಕಂದು ಚುಕ್ಕೆ.

ಉತ್ತರ: ಮೂರಕ್ಕೂ ಕಾರಣ ಬೇರೆ ಬೇರೆ. ನೇರ ಗೆರೆ ಬಂದರೆ ಸಂದಿಗೆ ಟೇಪ್ ಹಾಕಿಲ್ಲ, ಇಲ್ಲವೇ ಜಾಯಿಂಟಿಂಗ್ ಕಾಂಪೌಂಡ್ ಬದಲು ಪಿಒಪಿ ಅಥವಾ ಬಿಳಿ ಸಿಮೆಂಟ್ ಪುಟ್ಟಿ ತುಂಬಿದ್ದಾರೆ. ಅವು ಬಿರುಸು, ಬೋರ್ಡು ಒಂದಿಷ್ಟು ಅಲುಗಿದರೂ ಸೀಳುತ್ತವೆ. ಸಂದಿಯನ್ನು ಕೆರೆದು ಬಿಚ್ಚಿ, ಕಾಂಪೌಂಡ್ ಹಚ್ಚಿ, ಹಸಿಯಿರುವಾಗಲೇ ಕಾಗದದ ಟೇಪನ್ನು ಅದರೊಳಗೆ ಒತ್ತಿ ಕೂರಿಸಿ. ಪೂರ್ತಿ ಒಣಗಿದ ಮೇಲೆ 8 ಇಂಚು ಅಗಲಕ್ಕೆ ಎರಡನೇ ಕೋಟು, ಅದೂ ಒಣಗಿದ ಮೇಲೆ 12 ಇಂಚಿಗೆ ಮೂರನೆಯದು. ನಮ್ಮ ಕರಾವಳಿಯಲ್ಲಿ ಜಡಿಮಳೆಯಲ್ಲಿ ಒಂದು ಕೋಟು ಒಣಗಲು ಎರಡು ದಿನವೂ ಬೇಕು. ಒಂದೇ ದಿನದಲ್ಲಿ ಮೂರೂ ಮುಗಿಸಿ ಹೋದವರ ಕೆಲಸ ಹೀಗೇ ಆಗುವುದು.

ಓರೆ ಬಿರುಕು ಬರುವುದು ಬಾಗಿಲ ಮೂಲೆಗೇ ಸಂದಿ ತಂದು ನಿಲ್ಲಿಸಿದಾಗ. ಆ ಬೋರ್ಡು ಬಾಗಿಲ ಮೂಲೆಯನ್ನು ಬಳಸಿಕೊಂಡು ಬರುವಂತೆ ಇಂಗ್ಲಿಷಿನ ‘ಎಲ್’ ಅಕ್ಷರದ ಆಕಾರದಲ್ಲಿ ಒಂದೇ ತುಂಡಾಗಿ ಕತ್ತರಿಸಿರಬೇಕಿತ್ತು. ಈಗ ಬರೀ ಪುಟ್ಟಿ ತುಂಬಿದರೆ ಮತ್ತೆ ಬಿಡುತ್ತದೆ, ಆ ಒಂದು ಬೋರ್ಡು ಬದಲಿಸುವುದೇ ದಾರಿ. ಕಂದು ಚುಕ್ಕೆ ಕಪ್ಪು ಸ್ಕ್ರೂಗಳ ತುಕ್ಕು. ಕಡಲಂಚಿನ ಮನೆಗೆ ಸತುವಿನ ಲೇಪದ ಸ್ಕ್ರೂ ಬೇಕು. ಚುಕ್ಕೆ ಬಂದವುಗಳನ್ನು ತೆಗೆದು, ಪಕ್ಕದಲ್ಲಿ ಹೊಸದು ಹಾಕಿ, ತೂತು ಮುಚ್ಚಿ ಪ್ರೈಮರ್ ಹೊಡೆಯಿರಿ.

ಪ್ರಶ್ನೆ: ಅಂಕೋಲಾ. ಬೋರ್ಡಿನ ಗೋಡೆಗೆ ದೊಡ್ಡ ಟಿವಿ ತೂಗುಹಾಕಬಹುದೇ? ಗೋಡೆ ಈಗಾಗಲೇ ಆಗಿದೆ.

ಉತ್ತರ: ಬರೀ ಬೋರ್ಡಿಗೆ ಗಡಿಯಾರ, ಫೋಟೊ ಸಾಕು. ಕಟ್ಟುವಾಗಲೇ ಸ್ಟಡ್‌ಗಳ ನಡುವೆ 18 ಮಿ.ಮೀ. ಪ್ಲೈವುಡ್ ಹಲಗೆ ಇಟ್ಟಿದ್ದರೆ ಕೆಲಸ ಸುಲಭವಿತ್ತು. ಈಗ ಗೋಡೆಯ ಮೇಲೆ ಅಯಸ್ಕಾಂತ ಆಡಿಸಿ. ಸ್ಕ್ರೂಗಳಿಗೆ ಅಂಟುತ್ತ ಮೇಲಿಂದ ಕೆಳಗೆ ಸಾಲು ಹಿಡಿಯುತ್ತದಲ್ಲ, ಸ್ಟಡ್ ಇರುವುದು ಅಲ್ಲೇ. ಮೂರು ಸ್ಟಡ್‌ಗಳಿಗೆ ತಾಗುವಷ್ಟು ಉದ್ದದ ಪ್ಲೈವುಡ್ಡನ್ನು ಹೊರಗಿನಿಂದಲೇ ಬಿಗಿದು, ಬಣ್ಣ ಹಚ್ಚಿ, ಅದಕ್ಕೆ ಟಿವಿ ಹಾಕಿ. ಗೋಡೆಗೆ ಒರಗಿರುವ ಬ್ರ್ಯಾಕೆಟ್ ಇರಲಿ, ಮುಂದಕ್ಕೆ ಎಳೆಯುವಂಥದ್ದು ಬೇಡ.

ಪ್ರಶ್ನೆ: ಯಲ್ಲಾಪುರ. ಜಿಪ್ಸಮ್ ಬೋರ್ಡಿಗೆ ಒರಲೆ ಹಿಡಿಯುತ್ತದೆಯೇ?

ಉತ್ತರ: ತಿರುಳಿಗಿಲ್ಲ, ಕಾಗದಕ್ಕೆ ಹಿಡಿಯುತ್ತದೆ. ಬಡಗಿಗಳು ಕಾಡುಮರದ ರೀಪಿನಲ್ಲಿ ಚೌಕಟ್ಟು ಕಟ್ಟಿಕೊಡುತ್ತೇವೆ ಎಂದರೆ ಒಪ್ಪಬೇಡಿ, ಒರಲೆಗೆ ಅದೇ ಏಣಿ. ಲೋಹದ ಚೌಕಟ್ಟು ಹಾಕಿಸಿ, ಗೋಡೆ ಏಳುವ ಮೊದಲೇ ನೆಲದ ಸಂದಿಗೆ ಒರಲೆ ಔಷಧ ಬಿಡಿಸಿ.