ಮೊಣಕಾಲಿನ ಸವೆತಕ್ಕೆ ‘ಜೆಲ್ ಇಂಜೆಕ್ಷನ್’ ಎಷ್ಟು ಉಪಯುಕ್ತ?

ಸಿಂಧನೂರಿನಲ್ಲಿ ವರ್ಷಗಟ್ಟಲೆ ಭತ್ತದ ನಾಟಿ ಮಾಡಿದ ನಿಮ್ಮ ತಾಯಿಯವರ ಮೊಣಕಾಲು ಈ ಇಂಜೆಕ್ಷನ್ನಿನಿಂದ ಮೊದಲಿನಂತಾಗುವುದೇ ಎಂದು ಕೇಳಿದ್ದೀರಿ. ಆಗುವುದಿಲ್ಲ, ಅದು ಸವೆದ ಮೃದ್ವಸ್ಥಿಯನ್ನು, ಅಂದರೆ ಕೀಲಿನಲ್ಲಿ ಮೂಳೆಗಳ ತುದಿಯನ್ನು ಹೊದ್ದ ನುಣುಪಾದ ಪದರವನ್ನು, ಮರಳಿ ಬೆಳೆಸುವುದಿಲ್ಲ, ಕೆಲವರಿಗೆ ಕೆಲವು ತಿಂಗಳು ನೋವನ್ನು ತುಸು ತಗ್ಗಿಸಬಹುದು, ಅಷ್ಟೇ.

ಆರೋಗ್ಯವಂತ ಮೊಣಕಾಲಿನ ಕೀಲಿನೊಳಗೆ ಮೊಟ್ಟೆಯ ಬಿಳಿಯಂತೆ ಎಳೆಎಳೆಯಾಗಿ ಜಗ್ಗುವ, ಒಂದು ಸಣ್ಣ ಚಮಚವೂ ತುಂಬದಷ್ಟು ದ್ರವವಿರುತ್ತದೆ. ಆ ಜಿಗುಟು ಬರುವುದು ಹಯಲುರೊನಿಕ್ ಆಮ್ಲವೆಂಬ ಉದ್ದ ಸರಪಳಿಯಂಥ ಅಣುಗಳಿಂದ. ಕೀಲು ಸವೆಯುತ್ತ ಬಂದಂತೆ ಈ ಸರಪಳಿಗಳು ತುಂಡಾಗಿ, ದ್ರವ ನೀರಾಗುತ್ತದೆ. ಇಂಜೆಕ್ಷನ್ ಅದೇ ಆಮ್ಲವನ್ನು ಹೊರಗಿನಿಂದ ತುಂಬುತ್ತದೆ. ಆದರೆ ಬಂಡಿಯ ಅಚ್ಚಿಗೆ ಬಳಿದ ಕೀಲೆಣ್ಣೆಯಂತೆ ಅದು ಅಲ್ಲಿಯೇ ಅಂಟಿ ನಿಲ್ಲದು. ಕೆಲವು ದಿನ ಅಥವಾ ವಾರಗಳಲ್ಲಿ ದೇಹ ಅದನ್ನು ಒಡೆದು ಹೊರಹಾಕುತ್ತದೆ.

ಬರಿಯ ಉಪ್ಪುನೀರಿನ ಇಂಜೆಕ್ಷನ್ನಿನೊಡನೆ ಹೋಲಿಸಿದ ಪರೀಕ್ಷೆಗಳಲ್ಲಿ ಸರಾಸರಿ ವ್ಯತ್ಯಾಸ ಅಲ್ಪವೇ ಆಗಿದ್ದು, ಯಾವ ಚಿಕಿತ್ಸೆ ಕೊಡಬೇಕೆಂದು ವೈದ್ಯರಿಗೆ ಸಲಹೆ ನೀಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ 2022ರ ಮಾರ್ಗಸೂಚಿ ಇದನ್ನು ಕೊಡಬೇಡಿರೆಂದೇ ಹೇಳುತ್ತದೆ. ದುಬಾರಿ ಚಿಕಿತ್ಸೆಯಾದ್ದರಿಂದ, ಮೊದಲು ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ಕೆಲವು ತಿಂಗಳು ಬಿಡದೆ ಮಾಡಿಸುವುದು ಮೇಲೆಂದು ನನ್ನ ಅಭಿಪ್ರಾಯ. ಹಾಕಿಸಿದರೂ, ನಂತರ ಮೊಣಕಾಲು ಕೆಂಪಾಗಿ ಬಿಸಿಯೇರಿ ಜ್ವರ ಬಂದರೆ ಅದು ಸೋಂಕಾಗಿರಬಹುದು. ಅಂದೇ ವೈದ್ಯರಿಗೆ ತೋರಿಸಬೇಕು.