ಮಕ್ಕಳಿಗೆ ಲೈಂಗಿಕ ಶಿಕ್ಷಣ ಕೊಡಬೇಕಾದವರು ಶಾಲೆಯವರೇ, ಹೆತ್ತವರೇ?

ಲೈಂಗಿಕ ಶಿಕ್ಷಣದ ತರಗತಿಗೆ ಶಾಲೆಯಿಂದ ಒಪ್ಪಿಗೆ ಪತ್ರ ಬಂದಿದೆ, ಆದರೆ 'ಇದೆಲ್ಲ ಮನೆಯಲ್ಲಿ ತಾಯಿ ಹೇಳಬೇಕಾದ ವಿಷಯ' ಎಂದು ಯಜಮಾನರು ಸಹಿ ಹಾಕಲು ಒಪ್ಪುತ್ತಿಲ್ಲ ಎಂದು ನೀವು ಬರೆದಿದ್ದೀರಿ. ಇದೇ ಮಾತನ್ನು ನಾನು ನನ್ನ ಹೆಂಡತಿಗೆ ಹೇಳಿದ್ದೆ. ಆಗ ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು, ಮಗಳು ಅದೇ ಶಾಲೆಯ ವಿದ್ಯಾರ್ಥಿನಿ. ಅವಳ ಪಾಲಿಗೆ ಶಾಲೆಯೂ ನಾನೇ ಆಗಿದ್ದೆ, ಮನೆಯೂ ನಾನೇ ಆಗಿದ್ದೆ.

ಹೃದಯದ ನಾಲ್ಕು ಕೋಣೆಗಳನ್ನು ಬಣ್ಣದ ಸೀಮೆಸುಣ್ಣದಲ್ಲಿ ಬಿಡಿಸಿ ಮೂರು ದಿನ ಪಾಠ ಮಾಡುತ್ತಿದ್ದ ನಾನು, ಸಂತಾನೋತ್ಪತ್ತಿಯ ಪಾಠ ಬಂದಾಗ ಹೂವಿನ ಕೇಸರ, ಶಲಾಕೆ, ಪರಾಗಸ್ಪರ್ಶದ ತನಕ ಹೋಗಿ, ಮುಂದಿನ ಪುಟಗಳನ್ನು 'ಮನೆಯಲ್ಲಿ ಓದಿಕೊಳ್ಳಿ' ಎಂದು ಬಿಟ್ಟುಬಿಡುತ್ತಿದ್ದೆ. 2005ರಲ್ಲಿ ಕೇಂದ್ರ ಸರ್ಕಾರ ಹದಿಹರೆಯದ ಶಿಕ್ಷಣ ಕಾರ್ಯಕ್ರಮವೊಂದನ್ನು ಆರಂಭಿಸಿತ್ತು. ಅದಕ್ಕೆ ವಿರೋಧವೆದ್ದು 2007ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಅದನ್ನು ತಡೆಹಿಡಿದಾಗ, ಸದ್ಯ ನಮ್ಮ ತಲೆಯ ಮೇಲಿನ ಹೊರೆ ಇಳಿಯಿತು ಎಂದು ಸಮಾಧಾನಪಟ್ಟವರಲ್ಲಿ ನಾನೂ ಒಬ್ಬ.

ಮಗಳು ದೊಡ್ಡವಳಾದಾಗ ಎಂಟನೆಯ ತರಗತಿಯಲ್ಲಿದ್ದಳು. ಆರತಿಯಾಯಿತು, ಚಿಗಳಿಯುಂಡೆ ಹಂಚಿದ್ದಾಯಿತು. ಆ ರಾತ್ರಿ ನನ್ನ ಹೆಂಡತಿ ತನ್ನ ತಾಯಿಯಿಂದ ಕೇಳಿದ್ದನ್ನೇ ಮಗಳಿಗೆ ಹೇಳಿಕೊಟ್ಟಳು: ಬಟ್ಟೆಯನ್ನು ಹೇಗೆ ಬಳಸಬೇಕು, ದೇವರ ಕೋಣೆಯ ಕಡೆಗೆ ಏಕೆ ಹೋಗಬಾರದು, ಮತ್ತು ಕೊನೆಯಲ್ಲಿ, 'ಇದನ್ನು ಯಾರಿಗೂ ಹೇಳಬೇಡ, ಅದರಲ್ಲೂ ಅಪ್ಪನ ಮುಂದೆ ಎತ್ತಲೇಬೇಡ.'

ಜಗುಲಿಯಲ್ಲಿ ಕುಳಿತಿದ್ದ ನನಗೆ ಆ ಮಾತು ಕೇಳಿಸಿತು. ಕೇಳಿಸಿಯೂ ನಾನು ಎದ್ದು ಒಳಗೆ ಹೋಗಲಿಲ್ಲ. ನನ್ನ ತಪ್ಪು ಅದೇ, ಅದನ್ನು ಬಿಡಿಸಿ ಹೇಳುತ್ತೇನೆ. ನನ್ನ ಹೆಂಡತಿಗೆ ತಿಳಿಯದೇ ಇದ್ದದ್ದು ನನಗೆ ತಿಳಿದಿತ್ತು. ಸ್ರಾವ ಸಾಮಾನ್ಯವಾಗಿ ಮೂರರಿಂದ ಏಳು ದಿನ ಇರುತ್ತದೆ, ಮೊದಲ ಒಂದೆರಡು ವರ್ಷ ಲೆಕ್ಕ ತಪ್ಪುವುದುಂಟು, ಏಳು ದಿನ ದಾಟಿದರೆ ನಮಗೆ ಹೇಳಬೇಕು ಎಂಬ ಮೂರು ಮಾತುಗಳು ಸಾಕಿದ್ದವು. ಅವನ್ನು ಮಗಳಿಗೆ ನೇರವಾಗಿ ಹೇಳಲು ನಾಚಿಕೆಯಾಗಿದ್ದರೆ ಹೆಂಡತಿಗಾದರೂ ಹೇಳಬಹುದಿತ್ತು, ಮರುವರ್ಷ ತರಗತಿಯ ಎಲ್ಲ ಮಕ್ಕಳ ಜೊತೆಗೆ ಅವಳಿಗೂ ಹೇಳಬಹುದಿತ್ತು. ಮನೆಯಲ್ಲಿದ್ದಾಗ ಶಾಲೆಯಲ್ಲಿ ಹೇಳಿಕೊಡುತ್ತಾರೆ ಎಂದುಕೊಂಡೆ, ಶಾಲೆಯಲ್ಲಿದ್ದಾಗ ಮನೆಯಲ್ಲಿ ಹೇಳಿರುತ್ತಾರೆ ಎಂದುಕೊಂಡೆ. ಎರಡೂ ಕಡೆ ಇದ್ದವನು ನಾನೊಬ್ಬನೇ ಎಂಬುದು ಹೊಳೆಯಲಿಲ್ಲ.

ಮರುವರ್ಷ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಅವಳು ಕುಸಿದು ಬಿದ್ದಳು. ಎತ್ತಿಕೊಂಡಾಗ ಅಂಗೈ ಕಾಗದದಂತೆ ಬಿಳಿಚಿತ್ತು. ಆಸ್ಪತ್ರೆಯಲ್ಲಿ ನೋಡಿದರೆ ಹಿಮೋಗ್ಲೋಬಿನ್ 5.8 ಗ್ರಾಂ, ಆ ವಯಸ್ಸಿಗೆ 12 ಇರಬೇಕು. ವೈದ್ಯೆ 'ಎಷ್ಟು ದಿನದಿಂದ ಹೋಗುತ್ತಿದೆ?' ಎಂದು ಕೇಳಿದರೆ ಮಗಳು ನನ್ನ ಮುಖ ನೋಡಿ ಸುಮ್ಮನಾದಳು. ವೈದ್ಯೆ ನನ್ನನ್ನು ಹೊರಗೆ ಕಳುಹಿಸಿದರು. ನಾನು ಹೊರಗೆ ಹೋದ ಮೇಲೆ ಅವಳು ಬಾಯಿಬಿಟ್ಟಳು: ಹತ್ತೊಂಬತ್ತು ದಿನ. ಋತುಚಕ್ರ ಹಿಡಿತಕ್ಕೆ ಬರುವ ಮೊದಲು ಕೆಲವು ತಿಂಗಳು ಅಂಡ ಬಿಡುಗಡೆಯಾಗದೆ, ಗರ್ಭಕೋಶದ ಒಳಪದರ ದಪ್ಪವಾಗಿ ಹೀಗೆ ಸುರಿಯುವುದುಂಟು, ಬೇಗ ಬಂದಿದ್ದರೆ ಮಾತ್ರೆಯಲ್ಲೇ ನಿಲ್ಲುತ್ತಿತ್ತು ಎಂದು ಅವರು ವಿವರಿಸಿದರು. ಎರಡು ಬಾಟಲಿ ರಕ್ತ ಕೊಡಿಸಿದೆವು. ಏಕೆ ಹೇಳಲಿಲ್ಲ ಮಗಳೇ ಎಂದು ಕೇಳಿದ್ದಕ್ಕೆ ಅವಳು ಅಂದದ್ದು ಇಷ್ಟು: 'ಯಾರಿಗೂ ಹೇಳಬೇಡ ಅಂತ ಅಮ್ಮ ಅಂದಿದ್ದಳು. ಎಷ್ಟು ದಿನ ಆದಮೇಲೆ ಹೇಳಬಹುದು ಅಂತ ಯಾರೂ ಹೇಳಲಿಲ್ಲ.'

ಅಂದಿನಿಂದ ನನ್ನನ್ನು ಕಾಡುತ್ತಿರುವುದು ಆ 'ಯಾರಿಗೂ ಹೇಳಬೇಡ' ಎಂಬ ಮಾತು. ಮಗುವಿನ ಮೈಮೇಲೆ ಕೈಹಾಕುವ ದುಷ್ಟನೂ ಕೊನೆಗೆ ಹೇಳುವುದು ಅದನ್ನೇ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇ. 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ತಿಳಿಸಿದ್ದರು. ಅದನ್ನು ಎಸಗಿದವರಲ್ಲಿ ಅರ್ಧದಷ್ಟು ಜನ ಮಗುವಿಗೆ ಗೊತ್ತಿದ್ದವರು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಎಷ್ಟೇ ಬಿಗಿಯಾಗಿದ್ದರೂ ಮಗು ಬಾಯಿ ತೆರೆದರೆ ತಾನೆ ಅದು ನೆರವಿಗೆ ಬರುವುದು? ಮನೆಯಲ್ಲಿ ನಾವೇ ಬಾಯಿ ಮುಚ್ಚಿಸಿ ಅಭ್ಯಾಸ ಮಾಡಿಸಿದ್ದರೆ ಅದು ಯಾರ ಬಳಿ ಹೋಗಿ ಹೇಳಬೇಕು?

ಆದ್ದರಿಂದ ಶಾಲೆಯೋ ಮನೆಯೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹಾಗೆ ಕೇಳುತ್ತಾ ಕುಳಿತರೆ ಎರಡೂ ಕಡೆಯವರಿಗೆ ತಪ್ಪಿಸಿಕೊಳ್ಳಲು ದಾರಿಯಾಗುತ್ತದೆ. ದೇಹದ ಅಂಗಗಳ ಸರಿಯಾದ ಹೆಸರು, ಯಾರು ಎಲ್ಲಿ ಮುಟ್ಟಬಾರದು ಎಂಬುದು ಸ್ನಾನ ಮಾಡಿಸುವ ವಯಸ್ಸಿನಲ್ಲಿ ಮನೆಯಲ್ಲೇ ಶುರುವಾಗಬೇಕು. ದೇಹ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಶಾಲೆ ಪೂರ್ತಿ ಕಲಿಸಬೇಕು, ಹುಡುಗರನ್ನು ಆಟದ ಮೈದಾನಕ್ಕೆ ಕಳುಹಿಸದೆ ಕಲಿಸಬೇಕು. ಮಗಳು ಕುಸಿದು ಬಿದ್ದ ಮರುವರ್ಷದ ಜೂನ್‌ನಿಂದ ನಿವೃತ್ತಿಯವರೆಗೆ ನಾನು ಹಾಗೆಯೇ ಮಾಡಿದೆ, ಹೆಸರಿಲ್ಲದ ಚೀಟಿಗಳಲ್ಲಿ ಪ್ರಶ್ನೆ ಬರೆಯಿಸಿದೆ. ಮುಟ್ಟಾದಾಗ ಉಪ್ಪಿನಕಾಯಿ ಮುಟ್ಟಿದರೆ ನಿಜವಾಗಿ ಕೆಡುತ್ತದೆಯೇ ಎಂದು ಹುಡುಗಿಯರು ಕೇಳಿದರು. ಹುಡುಗರ ಚೀಟಿಗಳ ತುಂಬ ಬಸ್ ನಿಲ್ದಾಣದ ಗೋಡೆಯ ಮೇಲಿನ 'ಗುಪ್ತರೋಗ' ಜಾಹೀರಾತುಗಳು ಹುಟ್ಟಿಸಿದ ಭಯ. ಕಲಿಸಿದರೆ ಮಕ್ಕಳು ಕೆಡುತ್ತಾರೆ ಎಂಬ ಅಂಜಿಕೆಗೂ ಆಧಾರವಿಲ್ಲ. ಇಂತಹ ಶಿಕ್ಷಣದಿಂದ ಮಕ್ಕಳು ಬೇಗ ಲೈಂಗಿಕ ಸಂಬಂಧಕ್ಕೆ ಇಳಿಯುವುದಿಲ್ಲ ಎಂದು ಯುನೆಸ್ಕೋ 2018ರ ತನ್ನ ಮಾರ್ಗಸೂಚಿಯಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿಯೇ ಹೇಳಿದೆ.

ಪತ್ರಕ್ಕೆ ಸಹಿ ಹಾಕಿ ಕಳುಹಿಸಿ. ತರಗತಿ ನಡೆದ ದಿನ ಸಂಜೆ ಏನು ಹೇಳಿಕೊಟ್ಟರು ಎಂದು ಮಗುವನ್ನು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಆಗ ನಿಮ್ಮ ಯಜಮಾನರು ಜಗುಲಿಗೆ ಎದ್ದು ಹೋಗದೆ ಅಲ್ಲೇ, ಮಗುವಿನ ಪಕ್ಕದಲ್ಲಿ ಕುಳಿತಿರಲಿ.