ಹಾಡೋಕೆ ಬಾಯಿ ಬರದಿದ್ದಾಗ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಮಾತು. ಮನಸ್ಸು ಕುಗ್ಗಿದೆ, ಪ್ರಾರ್ಥನೆ ಬರ್ತಿಲ್ಲ, ಏನು ಮಾಡಲಿ ಅಂತ. ನಾಲ್ಕನ್ನು ಆರಿಸಿಕೊಂಡಿದ್ದೇನೆ. ಹೆಸರು ಹಾಕಬೇಡಿ ಅಂತ ನಾಲ್ವರೂ ಬರೆದಿದ್ದಾರೆ, ಹಾಕಿಲ್ಲ.

ಪ್ರಶ್ನೆ: ನಮ್ಮ ಯಜಮಾನರ ಅಂಗಡಿ ಮುಚ್ಚಿ ಎರಡು ವರ್ಷ ಆಯ್ತು. ಸಾಲ ಇದೆ. ಪ್ರತಿ ಶುಕ್ರವಾರ ಉಪವಾಸ ಪ್ರಾರ್ಥನೆಗೆ ಹೋಗುತ್ತೇನೆ. ಈಚೆಗೆ ಹಾಡುವಾಗ ಬಾಯಿ ಮಾತ್ರ ಆಡುತ್ತದೆ, ಒಳಗೆ ಏನೂ ಇಲ್ಲ. ಸಭೆಯ ಹಿರಿಯರೊಬ್ಬರು "ನಿನ್ನ ನಂಬಿಕೆ ಸಾಲದಮ್ಮಾ" ಅಂದರು. ಆವತ್ತಿನಿಂದ ನಿದ್ದೆ ಇಲ್ಲ. ನಿಜವಾಗಲೂ ಅದಕ್ಕೇ ಹೀಗಾಯ್ತಾ?

ಉತ್ತರ: ಇಲ್ಲ. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಆ ಹಿರಿಯರ ಮಾತು ನಿಮ್ಮ ತಲೆಯಲ್ಲಿ ಕೂತುಬಿಟ್ಟಿದೆ ಅಲ್ವಾ, ಅದನ್ನು ಎಬ್ಬಿಸೋಕೆ ಸ್ವಲ್ಪ ಜಾಸ್ತಿ ಬರೀಬೇಕು.

ಎಲೀಯನ ಕಥೆ ನಿಮಗೆ ಗೊತ್ತೇ ಇದೆ. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿಸಿದವನು. ಅದನ್ನು ಭಾನುವಾರ ಶಾಲೆಯಲ್ಲಿ ಎಲ್ಲರಿಗೂ ಹೇಳಿಕೊಡುತ್ತಾರೆ. ಅದರ ಮುಂದಿನ ಅಧ್ಯಾಯ, ಒಂದನೇ ಅರಸುಗಳು 19, ಅದನ್ನು ಯಾಕೋ ಅಷ್ಟಾಗಿ ಹೇಳಿಕೊಡಲ್ಲ. ರಾಣಿ ಈಜೆಬೆಲ್ ಕೊಲ್ಲಿಸುತ್ತೇನೆ ಅಂದಳು, ಇವನು ಓಡಿದ. ಅಡವಿಯಲ್ಲಿ ಒಂದು ದಿನದ ದಾರಿ ನಡೆದು, ಒಂದು ಗಿಡದ ಕೆಳಗೆ ಕೂತು, ಸಾಕು ದೇವರೇ, ನನ್ನ ಪ್ರಾಣ ತೆಗೆದುಕೋ ಅಂದ. ಹಾಗಂದು ಮಲಗಿಬಿಟ್ಟ. ಅಷ್ಟು ದೊಡ್ಡ ಪ್ರವಾದಿ!

ಆಗ ದೇವದೂತ ಬಂದು ಏನು ಮಾಡಿದ ನೋಡಿ. ನಂಬಿಕೆ ಸಾಲದು ಅನ್ನಲಿಲ್ಲ. ಮುಟ್ಟಿ ಎಬ್ಬಿಸಿ, ಎದ್ದು ತಿನ್ನು ಅಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎಲೀಯ ತಿಂದ, ಕುಡಿದ, ಮತ್ತೆ ಮಲಗಿದ. ದೂತ ಎರಡನೇ ಸಲ ಬಂದು ಮತ್ತೆ ಅದನ್ನೇ ಹೇಳಿದ, ದಾರಿ ತುಂಬಾ ದೂರ ಇದೆ, ತಿನ್ನು ಅಂತ. ದೇವರು ಅವನ ಹತ್ತಿರ ಮಾತಾಡಿದ್ದು ಆಮೇಲೆ, ಅವನು ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಸೇರಿದ ಮೇಲೆ. ಮೊದಲು ಊಟ, ನಿದ್ದೆ. ಅದಕ್ಕೇ ಹೇಳ್ತೀನಿ, ಈ ಶುಕ್ರವಾರ ನೀವು ಉಪವಾಸ ಮಾಡಬೇಡಿ. ಹೊಟ್ಟೆ ತುಂಬ ಉಂಡು ಹೋಗಿ. ಯಾರಾದರೂ ಕೇಳಿದರೆ ನನ್ನ ಹೆಸರು ಹೇಳಿ.

ಹಾಡು ಬರದಿದ್ದರೆ ಹಾಡಬೇಡಿ. ಬೈಬಲಿನಲ್ಲಿ ಕೀರ್ತನೆಗಳು 150 ಇವೆ, ಅದರಲ್ಲಿ ಮೂರರಲ್ಲೊಂದು ಪಾಲು ಗೋಳು. ಹದಿಮೂರನೇ ಕೀರ್ತನೆ ತೆಗೆದು ನೋಡಿ, ಮೊದಲ ಎರಡು ವಚನದಲ್ಲೇ ನಾಲ್ಕು ಸಲ ಇನ್ನೆಷ್ಟರವರೆಗೆ, ಇನ್ನೆಷ್ಟರವರೆಗೆ ಅಂತ ಬರೆದವನು ದೇವರನ್ನು ಕೇಳುತ್ತಾನೆ. ಆದರೂ ಅದು ಕೊನೆಗೆ ಸ್ತೋತ್ರಕ್ಕೆ ತಿರುಗುತ್ತದೆ. 88ನೆಯದು ಅಷ್ಟೂ ತಿರುಗಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಹಾಗೇ, ತಿದ್ದದೆ, ಪ್ರಾರ್ಥನೆಯ ಪುಸ್ತಕದಲ್ಲಿ ಇಟ್ಟಿದ್ದಾರೆ. ದೇವರ ಹತ್ತಿರ ಜಗಳ ಆಡುವವಳು ದೇವರ ಜೊತೆ ಮಾತು ಬಿಟ್ಟಿಲ್ಲ ಅಂತ ತಾನೇ ಅರ್ಥ? ಗಂಡ ಹೆಂಡತಿ ಜಗಳ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಂಬಿಕೆಯ ಅಳತೆ. ಮಾರ್ಕನ ಸುವಾರ್ತೆಯ ಎರಡನೇ ಅಧ್ಯಾಯದಲ್ಲಿ ಪಾರ್ಶ್ವವಾಯು ಬಡಿದವನೊಬ್ಬನನ್ನು ನಾಲ್ಕು ಜನ ಹೊತ್ತು ತರುತ್ತಾರೆ. ಜನಸಂದಣಿ, ಒಳಗೆ ಹೋಗೋಕೆ ಜಾಗ ಇಲ್ಲ. ಮಾಳಿಗೆ ಹತ್ತಿ, ಚಾವಣಿ ಕಿತ್ತು, ಹಾಸಿಗೆ ಸಮೇತ ಇಳಿಸುತ್ತಾರೆ. ಯೇಸು ಯಾರ ನಂಬಿಕೆ ನೋಡಿದ? 'ಅವರ ನಂಬಿಕೆಯನ್ನು ನೋಡಿ' ಅಂತ ಬರೆದಿದೆ. ಅಂದರೆ ಹೊತ್ತವರದ್ದೂ ಲೆಕ್ಕಕ್ಕಿದೆ. ಮಲಗಿದ್ದವನು ಒಂದು ಮಾತು ಆಡಿದ್ದೂ ಅಲ್ಲಿಲ್ಲ. ಆ ಹಿರಿಯರಿಗೆ ನಾನೊಂದು ಕೇಳಬೇಕು, ಅಯ್ಯಾ, ಹಾಸಿಗೆಯ ಒಂದು ಮೂಲೆ ಹಿಡಿದಿರಾ?

ಸಾಲದ ವಿಷಯ, ಇಬ್ಬರೂ ಕೂತು ಒಂದು ಹಾಳೆಯಲ್ಲಿ ಯಾರಿಗೆ ಎಷ್ಟು ಅಂತ ಬರೆಯಿರಿ. ಬರೆಯದೆ ಇರುವ ಸಾಲ ರಾತ್ರಿ ಹೊತ್ತು ದುಪ್ಪಟ್ಟಾಗುತ್ತದೆ.

ಪ್ರಶ್ನೆ: ಸರ್ಕಾರಿ ಕೆಲಸದ ಪರೀಕ್ಷೆ ಮೂರು ಸಲ ಬರೆದೆ, ಆಗಲಿಲ್ಲ. ದೇವರ ಚಿತ್ತ ಇದ್ದರೆ ಆಗುತ್ತೆ, ನಿರೀಕ್ಷೆ ಕಳೆದುಕೊಳ್ಳಬೇಡ ಅಂತಾರೆ ಪಾಸ್ಟರ್. ನಮ್ಮಮ್ಮ ಯೆರೆಮೀಯ 29:11 ಬರೆದು ಗೋಡೆಗೆ ಅಂಟಿಸಿದ್ದಾರೆ. ಎಷ್ಟು ದಿನ ಅಂತ ಕಾಯೋದು?

ಉತ್ತರ: ಅಮ್ಮ ಒಳ್ಳೆಯ ವಚನವನ್ನೇ ಅಂಟಿಸಿದ್ದಾರೆ, ನಿಮಗೆ ಒಳ್ಳೆಯ ಭವಿಷ್ಯ, ನಿರೀಕ್ಷೆ ಕೊಡ್ತೀನಿ ಅಂತ ದೇವರು ಹೇಳುವ ಮಾತು. ನೀವು ಅದೇ ಅಧ್ಯಾಯದ ಐದು, ಹತ್ತನೇ ವಚನವನ್ನೂ ಪಕ್ಕದಲ್ಲಿ ಅಂಟಿಸಿ. ಅದು ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಕಾಗದ. ಊರಿಗೆ ವಾಪಸ್ ಕರ್ಕೊಂಡು ಬರ್ತೀನಿ, ಆದರೆ ಎಪ್ಪತ್ತು ವರ್ಷ ಆಗುತ್ತೆ ಅಂತಿದೆ. ಅಲ್ಲಿಯವರೆಗೆ? ಮನೆ ಕಟ್ಟಿ, ತೋಟ ಮಾಡಿ, ಅದರ ಫಲ ತಿನ್ನಿ ಅಂತಿದೆ.

ನಮ್ಮ ಬೈಬಲ್‌ನಲ್ಲಿ ಭರವಸೆ ಅನ್ನೋ ಕಡೆ ಎಷ್ಟೋ ಸಲ 'ನಿರೀಕ್ಷೆ' ಅಂತಲೇ ಇದೆ. ನಂಬಿಕೆ, ನಿರೀಕ್ಷೆ, ಪ್ರೀತಿ. ಚರ್ಚಿನ ಹೊರಗೆ ಇದೇ ಮಾತನ್ನು ನಾವು ಮಳೆಗೂ ರಿಸಲ್ಟಿಗೂ ಬಳಸುತ್ತೇವೆ. ನನಗೆ ಅದು ಇಷ್ಟ. ಬಸ್ಸಿಗೆ ಕಾಯುವವನು ಮನೆಯಲ್ಲಿ ಮಲಗಿರಲ್ಲ, ಚೀಲ ಹಿಡಿದು ರಸ್ತೆ ಕಡೆ ನೋಡ್ತಾ ನಿಂತಿರ್ತಾನೆ.

ವಿಲಿಯಂ ಕೇರಿ ಗೊತ್ತಲ್ಲ, ಚಪ್ಪಲಿ ಹೊಲಿಯುತ್ತಿದ್ದ ಇಂಗ್ಲಿಷಿನವನು, 1793ರಲ್ಲಿ ಮಿಷನರಿಯಾಗಿ ಬಂಗಾಳಕ್ಕೆ ಬಂದ. ಅವನು ಮೊದಲ ಬಂಗಾಳಿಗೆ ದೀಕ್ಷಾಸ್ನಾನ ಕೊಟ್ಟಿದ್ದು 1800ರ ಡಿಸೆಂಬರ್ ಕೊನೆಗೆ. ಏಳು ವರ್ಷ! 1812ರ ಮಾರ್ಚ್ 11ರ ಸಂಜೆ ಶ್ರೀರಾಂಪುರದ ಅವನ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಕಾಗದ, ಅಚ್ಚುಮೊಳೆ, ಎಷ್ಟೋ ವರ್ಷದ ಭಾಷಾಂತರದ ಹಸ್ತಪ್ರತಿ, ನಿಘಂಟಿನ ಕೆಲಸ ಎಲ್ಲಾ ಹೋಯ್ತು. ಕರಗಿದ ಸೀಸವನ್ನೇ ಬಾಚಿಕೊಂಡು ಮತ್ತೆ ಮೊಳೆ ಎರಕ ಹೊಯ್ದರು. ಐದು ವರ್ಷ ಬಿಟ್ಟು, 1817ರಲ್ಲಿ, ಅದೇ ಶ್ರೀರಾಂಪುರದಿಂದ ಕೇರಿ ಬರೆದ ಕನ್ನಡ ವ್ಯಾಕರಣ ಅಚ್ಚಾಗಿ ಬಂತು. ಹೌದು, ನಮ್ಮ ಕನ್ನಡದ್ದೇ.

ನಾಲ್ಕನೇ ಸಲ ಬರೆಯಿರಿ, ಬೇಡ ಅನ್ನಲ್ಲ. ಆದರೆ ಈ ವಾರವೇ ಸಿಕ್ಕ ಕೆಲಸ ಒಂದು ಹಿಡಿಯಿರಿ. ಪೌಲ ಕೊರಿಂಥದಲ್ಲಿ ಗುಡಾರ ಹೊಲಿದ, ಅದರಿಂದ ಅವನ ಮಾನ ಏನೂ ಹೋಗಲಿಲ್ಲ. ಪಾಸಾಗ್ತೀರಿ ಅಂತ ಮಾತ್ರ ನಾನು ಹೇಳಲಾರೆ. ಬೈಬಲ್ಲೂ ಹೇಳಿಲ್ಲ.

ಪ್ರಶ್ನೆ: ಪ್ರಾರ್ಥನೆ ಬಿಟ್ಟು ಮಾನಸಿಕ ವೈದ್ಯರ ಹತ್ತಿರ ಹೋದರೆ ಅವಿಶ್ವಾಸ ಆಗುತ್ತದೆಯೇ?

ಉತ್ತರ: 'ಬಿಟ್ಟು' ಯಾಕೆ? ಎರಡೂ ಮಾಡಿ. ಸುವಾರ್ತೆ ಬರೆದ ಲೂಕನನ್ನು ಪೌಲ ಪ್ರಿಯ ವೈದ್ಯ ಅಂತ ಕರೀತಾನೆ. ಮೇಲೆ ಹೇಳಿದ ಕೇರಿಯ ಹೆಂಡತಿ ಡೊರೊಥಿ, ಐದು ವರ್ಷದ ಮಗ 1794ರಲ್ಲಿ ತೀರಿಹೋದ ಮೇಲೆ ಮನಸ್ಸಿನ ಸ್ಥಿಮಿತ ಕಳೆದುಕೊಂಡು, ಸಾಯುವವರೆಗೆ ಹಾಗೇ ಇದ್ದಳು. ಆ ಮನೆಯಲ್ಲಿ ಪ್ರಾರ್ಥನೆಗೇನೂ ಕಡಿಮೆ ಇರಲಿಲ್ಲ. ಮದ್ದು ಇರಲಿಲ್ಲ, ಅಷ್ಟೇ. ಈಗ ಇದೆ. ಬದುಕು ಬೇಡ ಅನ್ನಿಸುತ್ತಿದ್ದರೆ ನಾಳೆ ಅನ್ನಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಈಗಲೇ ಫೋನ್ ಮಾಡಿ. ನಂಬರ್ 14416. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಒಬ್ಬರಿಗಾದರೂ ಹೇಳಿ.

ಪ್ರಶ್ನೆ: ಗೆಳತಿಯ ಗಂಡ ತೀರಿಕೊಂಡಿದ್ದಾರೆ. ಅವಳಿಗೆ ವಾಟ್ಸಾಪ್‌ನಲ್ಲಿ ಯಾವ ವಚನ ಕಳಿಸಲಿ?

ಉತ್ತರ: ಯಾವುದೂ ಬೇಡ. ಮಕ್ಕಳು, ಆಸ್ತಿ ಎಲ್ಲಾ ಕಳೆದುಕೊಂಡ ಯೋಬನ ಮೂವರು ಗೆಳೆಯರು ಏಳು ದಿನ ಏಳು ರಾತ್ರಿ ಅವನ ಜೊತೆ ಸುಮ್ನೆ ನೆಲದ ಮೇಲೆ ಕೂತಿದ್ದರು. ಅಲ್ಲಿಯವರೆಗೆ ಚೆನ್ನಾಗೇ ಇತ್ತು. ಬಾಯಿ ತೆರೆದ ಮೇಲೆ ಕೆಟ್ಟಿತು.

ನಮ್ಮಣ್ಣ ತೀರಿಹೋದಾಗ ಅವರೆಕಾಯಿ ಕಾಲ. ನಾನು ಬೈಬಲ್ ಮುಟ್ಟಿರಲಿಲ್ಲ, ಚರ್ಚಿನ ಕಡೆ ತಲೆ ಹಾಕಿರಲಿಲ್ಲ. ಚರ್ಚಿನಲ್ಲಿ ನನ್ನ ಹಿಂದಿನ ಸಾಲಲ್ಲಿ ಕೂರುವ ಒಬ್ಬ ಅಜ್ಜಿ ಎರಡು ಕೆಜಿ ಅವರೆಕಾಯಿ ತಂದು ನಮ್ಮ ವರಾಂಡದಲ್ಲಿ ಸುರಿದು, ಸುಲಿಯೋಕೆ ಕೂತರು. ನಾನೂ ಕೂತೆ, ಇನ್ನೇನು ಮಾಡೋದು. ಬೆರಳ ತುದಿಯೆಲ್ಲ ಸೊಗಡು. ಎರಡು ಗಂಟೆಯಲ್ಲಿ ಅವರು ಆಡಿದ್ದು, ಹುಳ ಇದ್ದರೆ ಆಚೆ ಹಾಕು, ಇಷ್ಟೇ. ಹೋಗುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ, ನಿನಗೆ ಪ್ರಾರ್ಥನೆ ಬರೋವರೆಗೆ ನಿನ್ನ ಪಾಲಿಂದು ನಾನೇ ಮಾಡಿರ್ತೀನಿ, ಆತುರ ಇಲ್ಲ ಅಂದರು. ಕಾಳು ಅರ್ಧ ನನಗೆ ಬಿಟ್ಟು ಅರ್ಧ ತಗೊಂಡು ಹೋದರು. ಮುಂದಿನ ವಾರ ಮತ್ತೆ ಬಂದರು, ಈ ಸಲ ಹಿದುಕಬೇಳೆ ಮಾಡೋಣ, ನೆನೆಹಾಕಿಡು ಅಂತ ಹಿಂದಿನ ದಿನವೇ ಹೇಳಿ ಕಳಿಸಿದ್ದರು.